ಸ್ವಾತಿ ಸರಿದ ದೂರ



ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಬೇಲೂರು, ಹಳೇಬೀಡುಗಳನ್ನು ನೋಡಿರುತ್ತೀರಿ. ಕೆಲವರು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಇಳಿದು, ಅಲ್ಲಿನ ಈಶ್ವರ ದೇವಾಲಯವನ್ನೂ ನೋಡಿರಬಹುದು. ಈ ಮೂರೂ ಊರುಗಳಲ್ಲಿ ಹೊಯ್ಸಳರ ಕಾಲದ ಶಿಲ್ಪಿಗಳು ನಕ್ಷತ್ರದ ಆಕಾರವನ್ನು ಕಲ್ಲಿಗೆ ಇಳಿಸಿದ್ದಾರೆ. ಬೇಲೂರು, ಹಳೇಬೀಡುಗಳ ಗುಡಿಗಳು ನಿಂತಿರುವ ಎತ್ತರದ ಜಗತಿಯ ಅಂಚು ನೆಟ್ಟಗೆ ಸಾಗದೆ ಮೂಲೆ ಮೂಲೆಯಾಗಿ ತಿರುಗುತ್ತದೆ. ಅರಸೀಕೆರೆಯ ಗುಡಿಯ ಮುಂದಿನ ತೆರೆದ ಮಂಟಪವಂತೂ ನಕ್ಷೆಯಲ್ಲಿ ನಕ್ಷತ್ರವೇ ಸರಿ. ಹಗಲಿನಲ್ಲಿ ಈ ಕಲ್ಲಿನ ನಕ್ಷತ್ರಗಳನ್ನು ನೋಡಿ, ಸಂಜೆಯಾಗುತ್ತಲೇ ನಾವು ಬಸ್ಸು ಹತ್ತುತ್ತೇವೆ. ಅದೇ ಊರುಗಳ ನೆತ್ತಿಯ ಮೇಲೆ ರಾತ್ರಿ ಹಾದುಹೋಗುವ ಒಂದು ನಿಜವಾದ ನಕ್ಷತ್ರದ ವಿಷಯವನ್ನು ಇಂದು ತಿಳಿದುಕೊಳ್ಳೋಣ. ಅದರ ಹೆಸರು ಸ್ವಾತಿ. ಪಾಶ್ಚಾತ್ಯರು ಅದನ್ನು ಆರ್ಕ್ಟುರಸ್ ಎನ್ನುತ್ತಾರೆ.

ಸ್ವಾತಿ ಎಂಬ ಹೆಸರು ನಿಮಗೆ ಹೊಸದೇನಲ್ಲ. ಚಿತ್ತಾ ಮಳೆ ಮುಗಿದ ಮೇಲೆ ಸ್ವಾತಿ ಮಳೆ ಎಂದು ಮನೆಯಲ್ಲಿ ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆಯೂ ಇದೆ. ಮುತ್ತು ಹಾಗೆ ಆಗುವುದಿಲ್ಲ, ನಿಜ. ಆದರೆ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಖಗೋಳವಿದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಸೂರ್ಯನು ಸ್ವಾತಿಯ ಭಾಗದಲ್ಲಿರುತ್ತಾನೆ. ಆಗ ಸ್ವಾತಿ ನಕ್ಷತ್ರವು ಸೂರ್ಯನ ಜೊತೆಗೆ ಹಗಲಿನ ಆಕಾಶದಲ್ಲಿರುವುದರಿಂದ ರಾತ್ರಿ ಕಾಣಸಿಗುವುದಿಲ್ಲ. ಅದನ್ನು ಚೆನ್ನಾಗಿ ನೋಡಬೇಕಾದರೆ ಆರು ತಿಂಗಳು ಕಾಯಬೇಕು.

ಏಪ್ರಿಲ್ ಕೊನೆಯ ದಿನಗಳಲ್ಲಿ ರಾತ್ರಿ ಒಂಬತ್ತು ಗಂಟೆಗೆ ಮಹಡಿಯ ಮೇಲೆ ಹೋಗಿ ಉತ್ತರಕ್ಕೆ ನೋಡಿ. ನಾಲ್ಕು ನಕ್ಷತ್ರಗಳ ಚೌಕ, ಅದಕ್ಕೆ ಮೂರು ನಕ್ಷತ್ರಗಳ ಬಾಗಿದ ಬಾಲ. ಅದೇ ಸಪ್ತರ್ಷಿ ಮಂಡಲ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿ ಇರುವುದು ಈ ಬಾಲದಲ್ಲೇ. ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ, ಪೂರ್ವದಲ್ಲಿ ಅರ್ಧ ಎತ್ತರಕ್ಕೆ ಏರಿದ, ಕೆಂಡದ ಬಣ್ಣದ ಒಂದು ಪ್ರಕಾಶಮಾನವಾದ ನಕ್ಷತ್ರ ಸಿಗುತ್ತದೆ. ಅದು ಸ್ವಾತಿ. ಗೆರೆಯನ್ನು ಇನ್ನೂ ಎಳೆದರೆ ಬಿಳಿಯ ಚಿತ್ತಾ ನಕ್ಷತ್ರ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ, ಬೇಲೂರಿನಲ್ಲಿ ನಿಂತವರಿಗೆ ಸ್ವಾತಿಯು ನೆತ್ತಿಯಿಂದ ಕೇವಲ ಆರು ಡಿಗ್ರಿ ಉತ್ತರಕ್ಕೆ ಕಾಣುತ್ತದೆ.

ಇದಕ್ಕೆ ಕಿತ್ತಳೆ ಬಣ್ಣ ಏಕೆ? ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ನೆನಪಿಸಿಕೊಳ್ಳಿ. ಮೊದಲು ಅದು ಕೆಂಪಾಗುತ್ತದೆ. ಇನ್ನಷ್ಟು ಕಾದರೆ ಕಿತ್ತಳೆ, ಹಳದಿ, ಕೊನೆಗೆ ಬಿಳುಪು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿ. ಸ್ವಾತಿಯದು ಸುಮಾರು 4,000 ಡಿಗ್ರಿ. ಬಿಸಿ ಕಡಿಮೆಯಾದರೂ ಗಾತ್ರ ದೊಡ್ಡದು. ಸ್ವಾತಿಯ ವ್ಯಾಸ ಸೂರ್ಯನ ವ್ಯಾಸದ ಸುಮಾರು 25 ಪಟ್ಟು. ಆದರೆ ಅದರಲ್ಲಿರುವ ದ್ರವ್ಯ ಮಾತ್ರ ಹೆಚ್ಚು ಕಡಿಮೆ ನಮ್ಮ ಸೂರ್ಯನಷ್ಟೇ. ನಕ್ಷತ್ರದ ತಿರುಳಿನಲ್ಲಿ ಹೈಡ್ರೋಜನ್ ಮುಗಿದಾಗ ತಿರುಳು ಕುಗ್ಗಿ ಕಾವೇರುತ್ತದೆ, ಹೊರಪದರಗಳು ಉಬ್ಬಿ ತಣಿಯುತ್ತವೆ. ಹೀಗೆ ಉಬ್ಬಿದ ಮುದಿ ನಕ್ಷತ್ರವನ್ನೇ ದೈತ್ಯ ನಕ್ಷತ್ರ ಎನ್ನುತ್ತೇವೆ. ಇನ್ನು ಸುಮಾರು 500 ಕೋಟಿ ವರ್ಷಗಳ ಮೇಲೆ ನಮ್ಮ ಸೂರ್ಯನಿಗೂ ಇದೇ ಸ್ಥಿತಿ ಬರಲಿದೆ.

ಸ್ವಾತಿಯ ದೂರ ಸುಮಾರು 37 ಜ್ಯೋತಿರ್ವರ್ಷ. ಇಂದು ನಿಮ್ಮ ಕಣ್ಣು ಸೇರುವ ಬೆಳಕು ಅಲ್ಲಿಂದ ಹೊರಟದ್ದು 37 ವರ್ಷಗಳ ಹಿಂದೆ. ಆಗ ನೀವು ಹುಟ್ಟಿರಲಿಲ್ಲ.

ಈಗ ಮತ್ತೆ ಗುಡಿಯ ಅಂಗಳಕ್ಕೆ ಬರೋಣ. ಹೊಯ್ಸಳ ನಾಡಿನ ಶಾಸನ ಕಲ್ಲುಗಳ, ವೀರಗಲ್ಲುಗಳ ತಲೆಯ ಭಾಗದಲ್ಲಿ ಸೂರ್ಯಚಂದ್ರರನ್ನು ಬಿಡಿಸಿರುವುದನ್ನು ಕಾಣಬಹುದು. ಕೊಟ್ಟ ದಾನವು ‘ಆಚಂದ್ರಾರ್ಕತಾರಂ’ ನಡೆಯಲಿ ಎಂಬುದು ಶಾಸನಗಳ ರೂಢಿಯ ಮಾತು. ಚಂದ್ರ, ಸೂರ್ಯ, ತಾರೆಗಳು ಇರುವವರೆಗೂ ಎಂದರ್ಥ. ಸ್ಥಿರವಾದದ್ದಕ್ಕೆ ನಕ್ಷತ್ರಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಕಾಣಲಿಲ್ಲ. ಪ್ರಪಂಚದ ಬೇರೆ ಕಡೆಗಳಲ್ಲೂ ಜನ ಹಾಗೆಯೇ ತಿಳಿದಿದ್ದರು.

ಈ ನಂಬಿಕೆ ಅಲುಗಾಡಿದ್ದು 1718ರಲ್ಲಿ. ಧೂಮಕೇತುವಿನಿಂದ ಹೆಸರಾದ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ, ಗ್ರೀಕ್ ಖಗೋಳಜ್ಞರು ಬರೆದಿಟ್ಟಿದ್ದ ನಕ್ಷತ್ರ ಸ್ಥಾನಗಳನ್ನು ತನ್ನ ಕಾಲದ ಅಳತೆಗಳೊಂದಿಗೆ ಹೋಲಿಸಿ ನೋಡಿದ. ಬಹುತೇಕ ನಕ್ಷತ್ರಗಳು ಲೆಕ್ಕಕ್ಕೆ ಹೊಂದಿದವು. ಆದರೆ ಲುಬ್ಧಕ, ರೋಹಿಣಿ ಮತ್ತು ಸ್ವಾತಿ ಹೊಂದಲಿಲ್ಲ. ಅವು ತಮ್ಮ ಜಾಗ ಬಿಟ್ಟು ಸರಿದಿದ್ದವು.

ಸ್ವಾತಿ ಎಷ್ಟು ಸರಿಯುತ್ತದೆ? ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗಕ್ಕೆ ವಿಕಲೆ ಎಂದು ಹೆಸರು. ಸ್ವಾತಿಯು ವರ್ಷಕ್ಕೆ ಸುಮಾರು 2.28 ವಿಕಲೆ ಸರಿಯುತ್ತದೆ. ಬರಿಗಣ್ಣಿಗೆ ಕಾಣುವ ಪ್ರಕಾಶಮಾನವಾದ ನಕ್ಷತ್ರಗಳಲ್ಲಿ ಇದು ಬಹಳ ವೇಗದ ಓಟ. ಸೆಕೆಂಡಿಗೆ ಸುಮಾರು 120 ಕಿಲೋಮೀಟರ್. ಆದರೂ ಅರವತ್ತು ವರ್ಷ ನೋಡಿದರೆ ಸರಿಯುವುದು 137 ವಿಕಲೆ ಮಾತ್ರ. ಬರಿಗಣ್ಣಿನಿಂದ ಒಬ್ಬ ಮನುಷ್ಯ ತನ್ನ ಆಯಸ್ಸಿನಲ್ಲಿ ಇದನ್ನು ಗುರುತಿಸಲಾರ.

ಈಗ ನೀವೇ ಗುಣಾಕಾರ ಮಾಡಿ. ಅರಸೀಕೆರೆಯ ಈಶ್ವರ ದೇವಾಲಯ ಕಟ್ಟಿದ್ದು 1220ರಲ್ಲಿ. ಅಲ್ಲಿಂದ 800 ವರ್ಷಕ್ಕೆ 1,824 ವಿಕಲೆ. ಹುಣ್ಣಿಮೆ ಚಂದ್ರನ ಅಗಲ ನಮಗೆ ಕಾಣುವುದು ಸರಾಸರಿ 1,860 ವಿಕಲೆ. ಅಂದರೆ ಅರಸೀಕೆರೆಯ ಮಂಟಪ ಎದ್ದಂದಿನಿಂದ ಸ್ವಾತಿ ಸರಿದಿರುವುದು ಸುಮಾರು ಒಂದು ಚಂದ್ರನಷ್ಟು ದೂರ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೆ ಒಂದು ಚಂದ್ರನಿಗಿಂತ ತುಸು ಹೆಚ್ಚು. ಬೇಲೂರಿನ ಶಿಲ್ಪಿ ಕೆಲಸ ಮುಗಿಸಿ ತಲೆಯೆತ್ತಿದಾಗ ಕಂಡ ಸ್ವಾತಿ ಇಂದಿನ ಜಾಗದಲ್ಲಿರಲಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಅದು ಚಿತ್ತೆಯ ದಿಕ್ಕಿಗೆ ಒಂದು ಚಂದ್ರನಷ್ಟು ಜರುಗಿದೆ. ಗುಡಿ ನಿಂತಲ್ಲೇ ಇದೆ, ನಕ್ಷತ್ರ ನಡೆದಿದೆ!

ಇದು ನಮಗೆ ತಿಳಿದದ್ದು ಹೇಗೆ? ಯಾರೋ ಒಬ್ಬರು ನೋಡಿದ್ದನ್ನು ಅಳೆದು ಬರೆದಿಟ್ಟರು. ಹದಿನೆಂಟು ಶತಮಾನಗಳ ಮೇಲೆ ಇನ್ನೊಬ್ಬರು ಅದನ್ನು ತೆರೆದು ಹೋಲಿಸಿದರು. ಮೊದಲನೆಯವರಿಗೆ ನಕ್ಷತ್ರದ ಚಲನೆ ಗೊತ್ತಿರಲಿಲ್ಲ. ಎರಡನೆಯವರಿಗೆ ಹಳೆಯ ಅಳತೆ ಇಲ್ಲದೆ ಅದು ಗೊತ್ತಾಗುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿ ಸವೆಯುವುದನ್ನು ಕಂಡಾಗ ಈ ಮಾತು ನೆನಪಿರಲಿ. ಯಾವ ಸಾಲು ಮುಂದೆ ಯಾರಿಗೆ ಏನನ್ನು ತೋರಿಸಿಕೊಡುತ್ತದೆ ಎಂದು ಹೇಳಲಾಗದು.

ಈ ಬೇಸಿಗೆ ರಜೆಯಲ್ಲಿ ಒಂದು ನೋಟುಪುಸ್ತಕ ಇಡಿ. ಸ್ವಾತಿಯನ್ನು ನೋಡಿದ ದಿನ, ಗಂಟೆ, ಊರು, ಅದರ ಸುತ್ತಲಿನ ನಕ್ಷತ್ರಗಳು ಇಷ್ಟನ್ನು ಬರೆಯಿರಿ. ಮುಂದಿನ ಬಾರಿ ಬೇಲೂರಿಗೆ ಹೋದಾಗ ಒಂದು ರಾತ್ರಿ ಅಲ್ಲೇ ಉಳಿಯಿರಿ.