ಹುಟ್ಟಿನಿಂದ ಬಂದದ್ದು, ಕಲಿತು ಬಂದದ್ದು

ಫುಟ್‌ಬಾಲ್ ಪ್ರತಿಭೆ ರಕ್ತದಲ್ಲೇ ಬರುತ್ತದೆಯೇ, ಕಲಿಸಿದರೆ ಬರುತ್ತದೆಯೇ?

ಇಂಗ್ಲೆಂಡಿನ ಆಟಗಾರ ಜೇಮಿ ವಾರ್ಡಿಯನ್ನು 16ನೇ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಕೈಬಿಟ್ಟಿತು. ಹುಡುಗ ಮೈಕಟ್ಟಿನಲ್ಲಿ ತೀರಾ ಚಿಕ್ಕವನು ಎಂಬುದೇ ಕಾರಣ. ಹಗಲು ಕಾರ್ಖಾನೆಯಲ್ಲಿ ದುಡಿಯುತ್ತ, ಆತ ಸಣ್ಣಪುಟ್ಟ ಲೀಗ್‌ಗಳಲ್ಲಿ ಆಡಿದ. 2012ರಲ್ಲಿ ಲೆಸ್ಟರ್ ಸಿಟಿ ಸೇರಿದ. 2015ರಲ್ಲಿ ಪ್ರೀಮಿಯರ್ ಲೀಗ್‌ನ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ಬರೆದ. ಮರುವರ್ಷ ಲೆಸ್ಟರ್ ಚಾಂಪಿಯನ್ ಆಯಿತು.

ಓಟದ ವೇಗಕ್ಕೆ ಬೇಕಾದ ಸ್ನಾಯುಗಳ ಗುಣ ಬಹುಮಟ್ಟಿಗೆ ಆನುವಂಶಿಕ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಟವನ್ನು ಓದುವ ಕಣ್ಣು ಅಭ್ಯಾಸದಿಂದ ಬರುತ್ತದೆ. ಬಾರ್ಸಿಲೋನಾ ಕ್ಲಬ್‌ನ ಯುವ ಅಕಾಡೆಮಿ ಲಾ ಮಾಸಿಯಾದಲ್ಲಿ ಮಕ್ಕಳಿಗೆ ‘ರೊಂಡೊ’ ಆಡಿಸುತ್ತಾರೆ. ಸುತ್ತ ನಿಂತವರು ಚೆಂಡನ್ನು ಚಕಚಕನೆ ದಾಟಿಸಬೇಕು, ನಡುವೆ ಇರುವ ಒಬ್ಬಿಬ್ಬರು ಅದನ್ನು ಕಸಿಯಬೇಕು. ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಎತ್ತ ಕಳಿಸುವುದೆಂದು ನಿರ್ಧರಿಸುವ ಪಾಠ ಇದು. ಬೆಳವಣಿಗೆಯ ಹಾರ್ಮೋನ್ ಕೊರತೆಯಿದ್ದ ಲಿಯೊನೆಲ್ ಮೆಸ್ಸಿ 13ನೇ ವಯಸ್ಸಿನಲ್ಲಿ ಅರ್ಜೆಂಟೀನಾದಿಂದ ಬಂದು ಸೇರಿದ್ದು ಇಲ್ಲಿಗೇ. ಚಿಕಿತ್ಸೆಯ ಖರ್ಚನ್ನೂ ಕ್ಲಬ್ ಹೊತ್ತಿತು.

ವಾರ್ಡಿಯ ವಿಷಯದಲ್ಲಾದಂತೆ ಆಯ್ಕೆಗಾರರ ಕಣ್ಣೂ ಮೋಸ ಹೋಗುತ್ತದೆ. ಇಂಗ್ಲೆಂಡಿನಲ್ಲಿ ವಯೋವರ್ಗದ ಲೆಕ್ಕ ಸೆಪ್ಟೆಂಬರ್ 1ರಿಂದ ಶುರು. ಅಲ್ಲಿನ ಅಕಾಡೆಮಿಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗರೇ ಹೆಚ್ಚು. ಜುಲೈ, ಆಗಸ್ಟ್‌ನವರು ವಿರಳ. ಹತ್ತು ತಿಂಗಳ ಹಿರಿತನ ತಂದುಕೊಟ್ಟ ಎತ್ತರ, ಬಲವನ್ನೇ ಪ್ರತಿಭೆ ಎಂದು ಎಣಿಸಿದ್ದರ ಫಲ ಇದು.

ಹಾಗಾಗಿ ತರಬೇತುದಾರರೇ, ಪೋಷಕರೇ, ಹತ್ತು ವರ್ಷದ ಮಗುವನ್ನು ಎತ್ತರ ನೋಡಿ ಅಳೆಯಬೇಡಿ. ಆಡಲು ಇನ್ನಷ್ಟು ವರ್ಷ ಕೊಡಿ.