ಕಾಲೇಜಿನ ವರ್ಷದ ಲೆಕ್ಕ



ಕಾಲೇಜಿನ ವಾರ್ಷಿಕ ವರದಿಯಲ್ಲಿ ಸಾಮಾನ್ಯವಾಗಿ ಮೂರು ಲೆಕ್ಕಗಳಿರುತ್ತವೆ: ಸೇರಿದವರೆಷ್ಟು, ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವರೆಷ್ಟು, ವಿದ್ಯಾರ್ಥಿವೇತನ ಪಡೆದವರೆಷ್ಟು. ಮೊದಲೆರಡನ್ನು ಸಭೆಯು ಕರತಾಡನದಿಂದ ಸ್ವಾಗತಿಸುವುದು. ಮೂರನೆಯದನ್ನು ಅಷ್ಟಾಗಿ ಯಾರೂ ಗಮನಿಸರು. ಆದರೆ ಮೊದಲೆರಡಕ್ಕೂ ಆಧಾರವು ಮೂರನೆಯದೇ ಎಂದು ನನ್ನ ಅಭಿಪ್ರಾಯ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ನಿದರ್ಶನವನ್ನೇ ನೋಡೋಣ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಂಡು ಅಲ್ಲಿ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದರು. ಮುಂದೆ ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ನೆರವಾಯಿತು. 1883ರ ಪರೀಕ್ಷೆಯಲ್ಲಿ ಅವರು ಮುಂಬಯಿ ಪ್ರಾಂತಕ್ಕೇ ಮೊದಲಿಗರಾದರು. ಅವರು ದಿವಾನರಾಗಿದ್ದಾಗಲೇ, 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು; ಸೆಂಟ್ರಲ್ ಕಾಲೇಜೂ ಮಹಾರಾಜ ಕಾಲೇಜೂ ಅದರ ಅಂಗಗಳಾದವು. ರಾಜ್ಯವು ಒಬ್ಬ ತರುಣನಿಗಿತ್ತ ಧನವು ಬಡ್ಡಿಸಹಿತವಾಗಿ ಹಿಂದಿರುಗಿತು.

ಹಾಗಾದರೆ ಮೊದಲಿಗರಿಗೆ ಮಾತ್ರ ವೇತನವು ಸಲ್ಲತಕ್ಕುದೆ? ಸಂಜೆಯೆಲ್ಲ ಮನೆಪಾಠ ಹೇಳುವವನಿಗೆ, ಹಿಂದೆ ವಾರಾನ್ನದ ಮನೆಗಳನ್ನು ಅಲೆಯುತ್ತಿದ್ದವನಿಗೆ, ಓದಲು ಉಳಿಯುವ ಹೊತ್ತೇ ಕಡಮೆ. ಅಂಥವನ ಅಂಕಗಳಲ್ಲಿ ಬುದ್ಧಿಯ ಜೊತೆಗೆ ಬಡತನದ ಲೆಕ್ಕವೂ ಸೇರಿರುತ್ತದೆ. ಆದುದರಿಂದ ವೇತನ ಕೊಡುವವರು ಅಂಕಪಟ್ಟಿಯೊಡನೆ ಮನೆಯ ಸ್ಥಿತಿಯನ್ನೂ ವಿಚಾರಿಸಬೇಕು.

ವರದಿಯಲ್ಲಿ ನಾಲ್ಕನೆಯ ಲೆಕ್ಕವೊಂದೂ ಇರಲಿ: ಸೇರಿದವರಲ್ಲಿ ಹಣವಿಲ್ಲದೆ ನಡುವೆಯೇ ಬಿಟ್ಟುಹೋದವರೆಷ್ಟು? ಅದನ್ನು ಓದುವಾಗ ಸಭೆಯಲ್ಲಿ ಕರತಾಡನವಾಗದು. ಮರುವರ್ಷ ಆ ಸಂಖ್ಯೆಯು ಇಳಿದಿದ್ದರೆ ಕಾಲೇಜಿಗೆ ಅದೇ ಕೀರ್ತಿ.