ಅಕ್ಷರ ಒಂದೇ, ಅರ್ಥ ಬೇರೆ: ಜಪಾನಿ ಕ್ಲಾಸಿನಲ್ಲಿ ನೆನಪಾದ ಕ್ಯಾಂಪ್

ಇವತ್ತು ಜಪಾನಿ ಭಾಷೆಯ ಬಗ್ಗೆ ಮಾತಾಡೋಣ. ಆದರೆ ಶುರು ಮಾಡೋದು ಬೆಳಗಾವಿಯ ಕ್ಯಾಂಪ್‌ನಿಂದ, ನಾನು ಕಳಿಸಿದ ಒಂದು ತಪ್ಪು ವಾಟ್ಸಾಪ್ ಮೆಸೇಜಿನಿಂದ.

ನಮ್ಮ ಮನೆ ಇರೋದು ಕ್ಯಾಂಪ್‌ನಲ್ಲಿ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲಾ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಪಕ್ಕದ ಮನೆಯವರು ಖಾನಾಪುರ ಕಡೆಯ ಮರಾಠಿ ಕುಟುಂಬ. ಅವರನ್ನು ನಾನು ಕರೆಯೋದು ಕಾಕಾ, ಕಾಕು ಅಂತಲೇ. ಮರಾಠಿ ನನಗೆ ಬರುತ್ತೆ, ಆದರೆ ಅದು ಆಟ ಆಡ್ತಾ ಕಲಿತ ಮರಾಠಿ. ಓದಿ ಬರೆದು ಕಲಿತದ್ದಲ್ಲ.

ಕಳೆದ ವರ್ಷ ಕಾಕಾ ತೀರಿಕೊಂಡರು. ನಾನು ಆಗ ಪುಣೆಯಲ್ಲಿ ಕೆಲಸದಲ್ಲಿದ್ದೆ. ಮಣ್ಣಿಗೆ ಬರೋಕೆ ಆಗಲಿಲ್ಲ. ಕೊನೇಪಕ್ಷ ಅವರ ಭಾಷೆಯಲ್ಲೇ ಎರಡು ಸಾಲು ಬರೆಯೋಣ ಅಂದ್ಕೊಂಡೆ. ನಮ್ಮ ಪೇಪರಿನಲ್ಲಿ ದಿನಾ ಬರುತ್ತಲ್ಲ, ಗಣ್ಯರು 'ತೀವ್ರ ಸಂತಾಪ' ಸೂಚಿಸಿದರು ಅಂತ? ಎರಡೂ ಸಂಸ್ಕೃತ ಪದ, ಮರಾಠಿಯಲ್ಲೂ ಇರುತ್ತವೆ ಅಂತ ಗೊತ್ತಿತ್ತು. ನಾಗರಿ ಲಿಪಿಯಲ್ಲಿ ಟೈಪ್ ಮಾಡಿ ಅವರ ಮನೆಯ ಗ್ರೂಪಿಗೆ ಕಳಿಸಿದೆ.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕಾಕಾನ ಮಗ, ನನ್ನ ಗೆಳೆಯ, ಫೋನ್ ಮಾಡಿದ. "ಯಾರ ಮ್ಯಾಲ ಸಿಟ್ಟಲೇ ನಿಂದು?"

ಮರಾಠಿಯಲ್ಲಿ ಸಂತಾಪ ಅಂದರೆ ಕಡು ಕೋಪ. 'ತೀವ್ರ ಸಂತಾಪ' ಅಲ್ಲಿನ ಪೇಪರಿನಲ್ಲೂ ಬರುತ್ತೆ, ಜನ ರೊಚ್ಚಿಗೆದ್ದಾಗ. ಸಾವಿನ ಮನೆಗೆ ನಾನು ಬರೆದದ್ದು, ನನಗೆ ವಿಪರೀತ ಸಿಟ್ಟು ಬಂದಿದೆ ಅಂತ. ಕನ್ನಡ-ಮರಾಠಿ ಅಂದ ಕೂಡಲೇ ಯಾರಾದರೂ ಹುಬ್ಬೇರಿಸುವ ನಮ್ಮೂರಿನಲ್ಲಿ ಇಂಥ ತಪ್ಪು ಚಿಕ್ಕದಲ್ಲ. ಕ್ಷಮೆ ಕೇಳಿದೆ, ಮೆಸೇಜ್ ಡಿಲೀಟ್ ಮಾಡಿದೆ. ಮನಸ್ಸಿನಿಂದ ಮಾತ್ರ ಡಿಲೀಟ್ ಆಗಲಿಲ್ಲ.

ಮೂರು ತಿಂಗಳಾದ ಮೇಲೆ ಕೆಲಸದ ಆಸೆಗೆ ಆನ್‌ಲೈನ್ ಜಪಾನಿ ಕ್ಲಾಸಿಗೆ ಸೇರಿದೆ. ಎನ್-5, ಅಂದರೆ ಮೊದಲನೇ ಮೆಟ್ಟಿಲು. ಅಲ್ಲಿ ಕಾಂಜಿ ಅನ್ನೋ ಅಕ್ಷರಗಳಿವೆ, ಮೂಲ ಚೀನಾದ್ದು. ಸುಮಾರು 1,500 ವರ್ಷಗಳ ಹಿಂದೆ ಕೊರಿಯಾದ ದಾರಿಯಾಗಿ ಜಪಾನಿಗೆ ಬಂದವು. ಇವತ್ತು ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ 2,136 ಕಾಂಜಿಗಳಿವೆ. ಎರಡೂ ಭಾಷೆಗಳ ಕುಟುಂಬ ಬೇರೆ, ವ್ಯಾಕರಣ ಬೇರೆ. ಆದರೂ ಜಪಾನ್ ಅಕ್ಷರದ ಜೊತೆ ಸಾವಿರಾರು ಪದಗಳನ್ನೂ ತಗೊಂಡಿತು.

ಹಾಗಾಗಿ ಹೆಚ್ಚಿನ ಕಾಂಜಿಗೆ ಎರಡು ಓದು. ಬೆಟ್ಟದ ಅಕ್ಷರ ನೋಡ್ರಿ, ಮೂರು ಶಿಖರದ ಚಿತ್ರದ ಹಾಗಿದೆ. ಅಚ್ಚ ಜಪಾನಿ ಓದು 'ಯಾಮಾ'. ಚೀನಾದಿಂದ ಬಂದ ಓದು 'ಸಾನ್'. ಚೀನಿಯರು ಅದನ್ನೇ 'ಶಾನ್' ಅಂತಾರೆ. ಫ್ಯೂಜಿಸಾನ್ ಅನ್ನೋದರಲ್ಲಿ ಸಾನ್ ಅಂದರೆ 'ಅವರು' ಅಂತ ಗೌರವ ಅಲ್ಲ, ಬೆಟ್ಟ!

ಕಷ್ಟ ಅನಿಸ್ತಾ? ನಾವೂ ಮಾಡೋದು ಇದನ್ನೇ. ಕುಡಿಯೋಕೆ 'ನೀರು', ಆದರೆ ಕಟ್ಟಿಸೋದು 'ಜಲಾಶಯ'. ನೋಯೋದು 'ಕಣ್ಣು', ದಾನ ಮಾಡೋದು 'ನೇತ್ರ'. ಮನೆಮಾತಿಗೆ ಒಂದು ಪದ, ಬೋರ್ಡಿಗೆ ಇನ್ನೊಂದು. ನಮ್ಮ ಬೆಳಗಾವಿಗೇ ಹಳೆಯ ಶಾಸನಗಳಲ್ಲಿ ವೇಣುಗ್ರಾಮ ಅನ್ನೋ ಸಂಸ್ಕೃತದ ಹೆಸರೂ ಇದೆ.

ಆಮೇಲೆ ಒಂದು ದಿನ ಟೀಚರ್ 'ತೆಗಾಮಿ' ಅನ್ನೋ ಪದ ಬರೆದರು. ಕೈ ಅನ್ನೋ ಅಕ್ಷರ, ಕಾಗದ ಅನ್ನೋ ಅಕ್ಷರ. ಜಪಾನಿನಲ್ಲಿ ಅರ್ಥ ಪತ್ರ. ಅವೇ ಎರಡು ಅಕ್ಷರ ಚೀನಾದಲ್ಲಿ? ಟಾಯ್ಲೆಟ್ ಪೇಪರ್! ಕ್ಲಾಸೆಲ್ಲ ನಕ್ಕಿತು. ನನಗೆ ಮಾತ್ರ ಕಾಕಾ ನೆನಪಾದರು.

ಇನ್ನೊಂದು ಪದ 'ಬೆಂಕ್ಯೋ'. ಜಪಾನಿನಲ್ಲಿ ಓದು, ವ್ಯಾಸಂಗ. ಚೀನಿ ಭಾಷೆಯಲ್ಲಿ ಅದೇ ಅಕ್ಷರಗಳಿಗೆ ಒತ್ತಾಯಕ್ಕೆ, ಮನಸ್ಸಿಲ್ಲದೆ ಮಾಡೋದು ಅಂತ ಅರ್ಥ. ಪರೀಕ್ಷೆಯ ಹಿಂದಿನ ರಾತ್ರಿ ಎರಡೂ ಅರ್ಥ ಸರಿಯೇ ಅನ್ರಿ.

ಅವತ್ತಿನಿಂದ ನಾನು ಕನ್ನಡ-ಮರಾಠಿ ಜೋಡಿಗಳ ಪಟ್ಟಿ ಮಾಡೋಕೆ ಶುರು ಮಾಡಿದೆ. ನಮಗೆ 'ರಾಗ' ಹಾಡೋದು, ಅವರಿಗೆ 'ರಾಗ' ಬರೋದು, ಅಂದರೆ ಸಿಟ್ಟು. ನಮ್ಮ 'ಕೌತುಕ' ಕುತೂಹಲ, ಅವರ 'ಕೌತುಕ' ಮೆಚ್ಚುಗೆ. 'ಕಾದಂಬರಿ' ಮಾತ್ರ ಎರಡೂ ಕಡೆ ಕಾದಂಬರಿಯೇ. ಬಾಣಭಟ್ಟನ ಸಂಸ್ಕೃತ ಕೃತಿಯ ಹೆಸರು ಎರಡೂ ಭಾಷೆಗಳಲ್ಲಿ ಒಂದು ಸಾಹಿತ್ಯ ಪ್ರಕಾರದ ಹೆಸರಾಯಿತು. ಟೆಲಿಫೋನ್ ಬಂದಾಗ ನಾವು 'ದೂರವಾಣಿ' ಅಂದೆವು, ಮರಾಠಿಗರು 'ದೂರಧ್ವನಿ' ಅಂದರು. ಜಪಾನಿಯರು ಚೀನಿ ಅಕ್ಷರಗಳಿಂದಲೇ ಮಿಂಚು ಮತ್ತು ಮಾತು ಜೋಡಿಸಿ 'ಡೆನ್ವಾ' ಮಾಡಿದರು. ಆ ಪದವನ್ನು ಚೀನಾ ವಾಪಸ್ ತಗೊಂಡಿತು! ಸಾಲ ಕೊಟ್ಟವರೇ ಸಾಲ ಮಾಡಿದ ಹಾಗೆ. ಇಲ್ಲೂ ಅಷ್ಟೇ, ನಮ್ಮ 'ಅಡಕೊತ್ತು' ಗಡಿ ದಾಟಿ ಮರಾಠಿಯಲ್ಲಿ 'ಅಡಕಿತ್ತಾ' ಆಗಿದೆ.

ದೀಪಾವಳಿಗೆ ಊರಿಗೆ ಹೋದಾಗ ಧೈರ್ಯ ಮಾಡಿ ಕಾಕು ಮುಂದೆ ಕೂತೆ. "ಕಾಕು, ಅವತ್ತು ಬರೆದದ್ದು..." ಅಂತ ತಡವರಿಸಿದೆ.

ಕಾಕು ಚಹಾ ಕೊಟ್ಟು ತಮ್ಮ ಕಥೆ ತೆಗೆದರು. ಮದುವೆಯಾಗಿ ಕ್ಯಾಂಪ್‌ಗೆ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಕನ್ನಡ ಒಂದಕ್ಷರ ಬರ್ತಿರಲಿಲ್ಲ. ಕಾಯಿಪಲ್ಯೆ ಮಾರುವ ಮುದುಕಿ "ಬಾ ತಾಯಿ" ಅಂತ ಕರೆದಳಂತೆ. ಮರಾಠಿಯಲ್ಲಿ 'ತಾಯಿ' ಅಂದರೆ ಅಕ್ಕ. "ಇಷ್ಟು ವಯಸ್ಸಾದಾಕಿ ನನಗ ಅಕ್ಕಾ ಅಂತಾಳಲ್ಲ, ಚ್ಯಾಷ್ಟಿ ಮಾಡ್ತಾಳ ಅಂತ ಆಕಿ ಕಡೆ ಒಂದು ವರ್ಷ ಕಾಯಿಪಲ್ಯೆ ತಗೊಳ್ಳಲಿಲ್ಲ ನೋಡಪಾ."

ಇಬ್ಬರೂ ನಕ್ಕೆವು. ಆಮೇಲೆ ಕಾಕು ಸುಮ್ಮನಾದರು. ನಿಧಾನಕ್ಕೆ ಹೇಳಿದರು: "ಬಾಳ, ನೀ ಬರ್ದಿದ್ದು ಓದಿದಾಗ ನನಗ ಸಿಟ್ಟು ಬರಲಿಲ್ಲ. ಖರೇ ಬರ್ದಾನ ಅನಿಸ್ತು. ಹೇಳದ ಕೇಳದ ಹ್ವಾದ್ರಲ್ಲ, ಅವತ್ತು ನನಗೂ ಅವರ ಮ್ಯಾಲ ಸಂತಾಪನ ಬಂದಿತ್ತು."

ಆ ರಾತ್ರಿ ನಿಘಂಟು ತೆರೆದೆ. ಸಂಸ್ಕೃತದಲ್ಲಿ ಸಂತಾಪದ ಮೂಲ ಅರ್ಥ ಬಿಸಿ, ಸುಡುವಿಕೆ. ಆ ಉರಿ ಕನ್ನಡದಲ್ಲಿ ದುಃಖ ಆಯ್ತು, ಮರಾಠಿಯಲ್ಲಿ ಕೋಪ ಆಯ್ತು. ಕಾಕು ಒಳಗೆ ಎರಡೂ ಇದ್ದವು.

ನನ್ನ ಪಟ್ಟಿ ಇನ್ನೂ ಮೊಬೈಲ್ ನೋಟ್ಸ್‌ನಲ್ಲಿದೆ, ಬೆಳೀತಾನೇ ಇದೆ. ಗೊತ್ತಿರೋ ಪದ ಅಂತ ಅನಿಸಿದಾಗಲೇ ಈಗ ಒಂದು ಸಲ ಕೇಳ್ತೀನಿ, "ನಿಮ್ಮಲ್ಲಿ ಇದಕ್ಕೇನು ಅರ್ಥ?" ನಿಮ್ಮ ಪಕ್ಕದ ಮನೆಯ ಭಾಷೆ ಯಾವುದು? ನಿಮಗೆ ಸಿಕ್ಕ ಇಂಥ ಜೋಡಿ ಪದ ಇದ್ದರೆ ಕಳಿಸಿ.